‘ಪಾಳು’ ಎಂದು ಬರೆದ ನೆಲದಡಿಯಲ್ಲಿ ಹುಲ್ಲು ಕೂಡಿಟ್ಟದ್ದು

ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ 5,600 ಎಕರೆಗೂ ಮಿಕ್ಕ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. ಇದೇ ಪ್ರಸ್ತಾವವನ್ನು 2021ರಲ್ಲಿ ಅದೇ ಮಂಡಳಿ ತಳ್ಳಿಹಾಕಿತ್ತು. ನಡುವಿನ ವರ್ಷಗಳಲ್ಲಿ ಹಕ್ಕಿಗಳ ಬಗ್ಗೆ, ಅರ್ಕಾವತಿ ಜಲಾನಯನದ ಬಗ್ಗೆ, ಸುತ್ತಲ ಹಳ್ಳಿಗಳ ದನಕರು ಎಲ್ಲಿ ಮೇಯಬೇಕು ಎಂಬ ಬಗ್ಗೆ ಸಾಕಷ್ಟು ಮಾತಾಯಿತು. ಎಲ್ಲವೂ ಆಡಬೇಕಾದ ಮಾತುಗಳೇ. ಮಣ್ಣಿನ ಮಾತು ಮಾತ್ರ ಹಿಂದೆ ಉಳಿಯಿತು. ಹುಲ್ಲುಗಾವಲು ಉಳಿಯಲಿ ಎನ್ನುವವರಲ್ಲೂ ಅನೇಕರು ‘ಮಣ್ಣು ಬಡವೇ ಇರಬಹುದು, ಆದರೂ ಜೀವವೈವಿಧ್ಯ ಇದೆಯಲ್ಲ’ ಎಂಬ ಧಾಟಿಯಲ್ಲೇ ವಾದಿಸುತ್ತಾರೆ. ಆ ‘ಬಡ ಮಣ್ಣು’ ಎಂಬ ಒಪ್ಪಿಗೆಯೇ ತಪ್ಪು ಎಂದು ನನಗೆ ಅನಿಸುತ್ತದೆ. ಮಣ್ಣನ್ನು ಫಲವತ್ತಾಗಿಸುವ ಕೆಲಸದಲ್ಲಿ ವರ್ಷವಿಡೀ ಬದುಕಿರುವ ಹುಲ್ಲಿಗೆ ಸಾಟಿಯಾದ ಗಿಡಗಳು ಕಡಿಮೆ. ಆ ಕೆಲಸ ನಡೆಯುವುದು ನೆಲದಡಿಯಲ್ಲಿ, ಅದೂ ದಶಕಗಳ ಲೆಕ್ಕದಲ್ಲಿ. ನಮ್ಮ ಕಂದಾಯ ಕಡತ, ನಮ್ಮ ನಕಾಶೆ, ನಮ್ಮ ಮಣ್ಣು ಪರೀಕ್ಷೆಯ ಚೀಟಿ ಯಾವುದೂ ಅಷ್ಟು ಕೆಳಗೆ ಇಳಿದು ನೋಡುವುದಿಲ್ಲ.

ಕಡತದ ಸ್ಥಿತಿಯನ್ನೇ ಮೊದಲು ನೋಡಿ. ಹಳ್ಳಿಗಳಲ್ಲಿ ಗೋಮಾಳ, ಕಾವಲು, ಹುಲ್ಲುಬನ್ನಿ ಎಂದು ಕರೆಯುವ ನೆಲಗಳಲ್ಲಿ ಬಹುಪಾಲು ಸರ್ಕಾರಿ ಲೆಕ್ಕದಲ್ಲಿ ಖರಾಬು. ಕೇಂದ್ರದ ಭೂಸಂಪನ್ಮೂಲ ಇಲಾಖೆ 2019ರಲ್ಲಿ ಹೊರತಂದ ವೇಸ್ಟ್‌ಲ್ಯಾಂಡ್ ಅಟ್ಲಾಸ್ ಪ್ರಕಾರ ದೇಶದಲ್ಲಿ ಸುಮಾರು 5.6 ಕೋಟಿ ಹೆಕ್ಟೇರ್ ಪಾಳು ಭೂಮಿ ಇದೆ, ಅಂದರೆ ದೇಶದ ಭೂಭಾಗದ ಸುಮಾರು 17%. ಕುರುಚಲು ನೆಲ, ಮೇವಿನ ನೆಲದ ದೊಡ್ಡ ಭಾಗ ಆ ಲೆಕ್ಕದೊಳಗೇ ಬರುತ್ತದೆ. ಪಾಳು ಎಂದ ಮೇಲೆ ಅದನ್ನು ‘ಉಪಯೋಗಕ್ಕೆ ತರುವುದು’ ಪುಣ್ಯದ ಕೆಲಸವಾಗಿ ಕಾಣುತ್ತದೆ. ಸೌರ ಫಲಕ ಹಾಕಿದರೂ, ಕೈಗಾರಿಕೆಗೆ ಕೊಟ್ಟರೂ, ಸಾಲಾಗಿ ಗಿಡ ನೆಟ್ಟರೂ ಕಳೆದುಕೊಂಡದ್ದೇನು ಎಂದು ಯಾರೂ ಕೇಳುವುದಿಲ್ಲ. ವಿಶ್ವಸಂಸ್ಥೆ 2026ನ್ನು ಮೇವುನೆಲ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಆ ನೆಪದಲ್ಲಾದರೂ ಹುಲ್ಲು ನೆಲಕ್ಕೆ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಗಳಿಸಿದ್ದನ್ನು ಕೆಳಗಿಡುವ ಗಿಡ

ರಾಗಿ, ಜೋಳ, ಶೇಂಗಾ ಒಂದು ಹಂಗಾಮಿನ ಗಿಡಗಳು. ಮುಂಗಾರಿಗೆ ಮೊಳೆತು ಮೂರು-ನಾಲ್ಕು ತಿಂಗಳಲ್ಲಿ ಕಾಳು ಕಟ್ಟಿ ಸಾಯುತ್ತವೆ. ಮುಂದಿನ ವರ್ಷಕ್ಕೆ ಉಳಿಯಬೇಕಾದದ್ದು ಕಾಳು ಮಾತ್ರ, ಗಿಡವಲ್ಲ. ಹಾಗಾಗಿ ಬೇರಿಗೆ ಅವು ಹೆಚ್ಚು ಖರ್ಚು ಮಾಡುವುದಿಲ್ಲ. ಬಹುವಾರ್ಷಿಕ ಹುಲ್ಲಿನ ಬದುಕೇ ಬೇರೆ. ಬೇಸಿಗೆಯಲ್ಲಿ ಎಲೆ, ದಂಟು ಎಲ್ಲ ಒಣಗಿ ಬಣ್ಣಗೆಟ್ಟು ನಿಂತರೂ ಬುಡ ಮತ್ತು ಬೇರು ಸಾಯುವುದಿಲ್ಲ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದೇ ಬುಡ ಚಿಗುರುತ್ತದೆ. ಬೆಂಕಿ ಬಿದ್ದರೂ, ದನ ಮೇಯ್ದರೂ, ಎರಡು ವರ್ಷ ಮಳೆ ಕೈಕೊಟ್ಟರೂ ಬದುಕಬೇಕಾದ ಗಿಡ ತನ್ನ ಆಸ್ತಿಯನ್ನು ನೆಲದ ಮೇಲೆ ಇಟ್ಟುಕೊಳ್ಳಲಾರದು. ಬಯಲುಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಮೇಲೆ ಕಲ್ಲು ಮುಚ್ಚುತ್ತಿದ್ದರಲ್ಲ, ದಾರಿಹೋಕರಿಗೆ ಕಾಲಡಿಯಲ್ಲಿ ಕಾಳಿದೆ ಎಂಬ ಸುಳಿವೂ ಸಿಗುತ್ತಿರಲಿಲ್ಲ, ಹುಲ್ಲುಗಾವಲೂ ಹಾಗೆಯೇ. ಅದರ ಒಟ್ಟು ಜೀವರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಎಷ್ಟೋ ಕಡೆ ಮೂರರಲ್ಲಿ ಎರಡು ಪಾಲು, ಮಣ್ಣಿನೊಳಗೆ ಇರುತ್ತದೆ.

ಇದನ್ನು ಕಣ್ಣಾರೆ ಕಾಣಲು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಪ್ರೇರಿ ಎಂಬ ಅಲ್ಲಿನ ವಿಶಾಲ ಹುಲ್ಲುಬಯಲುಗಳಲ್ಲಿ ಆಳದ ಕಂದಕ ತೋಡಿಸಿ, ಒಂದೊಂದು ಬೇರನ್ನೂ ಬಿಡಿಸಿ ಚಿತ್ರ ಬರೆದರು. ಬಿಗ್ ಬ್ಲೂಸ್ಟೆಮ್ ಎಂಬ ಅಲ್ಲಿನ ಹುಲ್ಲಿನ ಬೇರು 2 ಮೀಟರಿಗಿಂತ ಕೆಳಗೆ ಇಳಿದಿತ್ತು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಲಾವಂಚದ ಬೇರು ಒಳ್ಳೆಯ ಮಣ್ಣಿನಲ್ಲಿ 3 ಮೀಟರ್‌ವರೆಗೆ ನೇರ ಕೆಳಗಿಳಿಯುತ್ತದೆ. ಗರಿಕೆಯನ್ನು ಹೊಲದಿಂದ ಕಿತ್ತು ಮುಗಿಸಲು ಹೆಣಗಿದ ರೈತರಿಗೆ ಅದರ ಬೇರಿನ ಬಲವನ್ನು ಯಾರೂ ವಿವರಿಸಬೇಕಾಗಿಲ್ಲ.

ಬೇರು ಆಳಕ್ಕೆ ಹೋದ ಮಾತ್ರಕ್ಕೆ ಮಣ್ಣು ಫಲವತ್ತಾಗುವುದಿಲ್ಲ. ಆ ಬೇರುಗಳು ಏನು ಬಿಟ್ಟುಕೊಡುತ್ತವೆ ಎಂಬುದರಲ್ಲಿ ಗುಟ್ಟಿದೆ. ಹುಲ್ಲಿನ ಸಣ್ಣ ಬೇರುಗಳಲ್ಲಿ ಒಂದು ಪಾಲು ಪ್ರತಿ ವರ್ಷ ಸತ್ತು ಹೊಸವು ಹುಟ್ಟುತ್ತವೆ. ಬದುಕಿರುವ ಬೇರುಗಳೂ ಸಕ್ಕರೆ, ಸಾವಯವ ಆಮ್ಲಗಳಂಥ ವಸ್ತುಗಳನ್ನು ಸದಾ ಒಸರಿಸುತ್ತ ಇರುತ್ತವೆ. ಗಿಡ ಬಿಸಿಲಲ್ಲಿ ದುಡಿದು ತಯಾರಿಸಿದ ಆಹಾರದ ಗಣನೀಯ ಭಾಗ ಹೀಗೆ ಮಣ್ಣಿಗೆ ಇಳಿಯುತ್ತದೆ. ಅದನ್ನು ತಿಂದು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ, ಸಾಯುತ್ತವೆ. ಅವುಗಳ ಅವಶೇಷ ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತದೆ. ಕೊಳೆಯದೆ ಉಳಿದ ಗಟ್ಟಿ ಕಸಕಡ್ಡಿಯೇ ಮಣ್ಣಿನ ಕಪ್ಪು ಸತ್ವ ಎಂದು ಹಿಂದೆ ತಿಳಿದಿದ್ದರು. ಬಹುಕಾಲ ಬಾಳುವ ಸಾವಯವ ಅಂಶದ ದೊಡ್ಡ ಪಾಲು ಹೀಗೆ ಸೂಕ್ಷ್ಮಜೀವಿಗಳ ಮೈ ದಾಟಿ ಬಂದು ಜೇಡಿಗೆ ಕಟ್ಟಿಹಾಕಿದ ಸಾಮಗ್ರಿ ಎಂಬುದು ಈಗಿನ ತಿಳಿವಳಿಕೆ. ಆದ್ದರಿಂದಲೇ ಮೇಲೆ ಉದುರಿದ ಎಲೆಯ ಇಂಗಾಲಕ್ಕಿಂತ ಬೇರಿನಿಂದ ಬಂದ ಇಂಗಾಲ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಅದು ಹುಟ್ಟುವುದೇ ಜೇಡಿಯ ಮಗ್ಗುಲಲ್ಲಿ. ಮೇಲೆ ಬಿದ್ದ ಎಲೆ ನಮ್ಮ ಬಿಸಿಲಿಗೆ, ಗೆದ್ದಲಿಗೆ ಸಿಕ್ಕಿ ಬೇಗ ಗಾಳಿಗೆ ಹೋಗುತ್ತದೆ.

ಇದೇ ಬೇರು, ಬೇರಿಗೆ ಹೆಣೆದುಕೊಂಡ ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಪುಟ್ಟ ಪುಟ್ಟ ಗಂಟುಗಳಾಗಿ ಕಟ್ಟುತ್ತವೆ. ಗಂಟಿನೊಳಗೆ ಸಿಕ್ಕ ಸಾವಯವ ಅಂಶ ಸೂಕ್ಷ್ಮಜೀವಿಗಳ ಬಾಯಿಗೆ ಸುಲಭಕ್ಕೆ ಸಿಗುವುದಿಲ್ಲ. ಗಂಟುಗಳ ನಡುವಿನ ಸಂದಿನಲ್ಲಿ ಮಳೆನೀರು ಇಳಿಯುತ್ತದೆ. ನೇಗಿಲು ಹೊಡೆದಾಗ, ಅದರಲ್ಲೂ ರೋಟವೇಟರ್ ಓಡಿಸಿದಾಗ, ಈ ಗಂಟುಗಳು ಒಡೆಯುತ್ತವೆ. ಒಳಗೆ ಭದ್ರವಾಗಿದ್ದುದೆಲ್ಲ ಬಯಲಿಗೆ ಬೀಳುತ್ತದೆ. ಹೊಸದಾಗಿ ಉತ್ತ ಗೋಮಾಳದಲ್ಲಿ ಮೊದಲ ಮೂರು-ನಾಲ್ಕು ವರ್ಷ ಬೆಳೆ ಚೆನ್ನಾಗಿ ಬಂದು ಆಮೇಲೆ ಸೊರಗುವುದಕ್ಕೆ ಇದೊಂದು ದೊಡ್ಡ ಕಾರಣ. ಕೂಡಿಟ್ಟದ್ದನ್ನು ಒಮ್ಮೆಗೇ ಒಡೆದು ತಿಂದಿರುತ್ತೇವೆ.

ಮೊದಲ ಮಳೆಯ ಲೆಕ್ಕ

ನಮ್ಮ ಮಳೆಯಾಶ್ರಿತ ಸೀಮೆಗೆ ನೇರವಾಗಿ ತಟ್ಟುವ ಇನ್ನೊಂದು ಸಂಗತಿ ಇದೆ. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಸೂಕ್ಷ್ಮಜೀವಿಗಳು ಎದ್ದು ಕೂತು ಸಾವಯವ ಅಂಶವನ್ನು ಭರದಿಂದ ಒಡೆಯುತ್ತವೆ. ಒಮ್ಮೆಲೇ ಬಹಳಷ್ಟು ನೈಟ್ರೇಟ್ ಬಿಡುಗಡೆಯಾಗುತ್ತದೆ. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ಮಣ್ಣು ವಿಜ್ಞಾನಿ 1950ರ ದಶಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಬರ್ಚ್ ಪರಿಣಾಮ ಎಂಬ ಹೆಸರೇ ಬಿದ್ದಿದೆ. ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗೆ ನಮ್ಮ ಹೊಲಗಳಲ್ಲಿ ಆಗುವುದು ಇದೇ. ಆಗ ಹೊಲದಲ್ಲಿ ಬೆಳೆ ಇಲ್ಲ, ಹೀರಿಕೊಳ್ಳಲು ಬೇರೇ ಇಲ್ಲ. ಮುಂದಿನ ಜೋರು ಮಳೆ ಆ ಸಾರಜನಕವನ್ನು ಕೆಳಗೋ ಹಳ್ಳಕ್ಕೋ ಒಯ್ಯುತ್ತದೆ. ಜೂನ್-ಜುಲೈನಲ್ಲಿ ನಾವು ಯೂರಿಯಾ ಚೀಲಕ್ಕೆ ಸೊಸೈಟಿಯ ಮುಂದೆ ಸಾಲು ನಿಲ್ಲುತ್ತೇವೆ. ಹುಲ್ಲುಗಾವಲಿನಲ್ಲಿ ಅದೇ ಮೊದಲ ಮಳೆಗೆ ಬೇರು ತಯಾರಾಗಿ ಕಾದಿರುತ್ತದೆ, ಬಿಡುಗಡೆಯಾದದ್ದನ್ನು ಹಿಡಿದು ಚಿಗುರಿಗೆ ಕಳಿಸುತ್ತದೆ.

ಮಳೆಗಾಲ ಮುಗಿದ ಮೇಲೆ ಅದೇ ಹುಲ್ಲು ಎಲೆ ಒಣಗುವ ಮುನ್ನ ಎಲೆಯಲ್ಲಿದ್ದ ಸಾರಜನಕದ ಒಂದು ದೊಡ್ಡ ಭಾಗವನ್ನು ಬುಡಕ್ಕೆ ಎಳೆದುಕೊಳ್ಳುತ್ತದೆ. ಒಣಗಿದ ಬಾಣೆ ಹುಲ್ಲಿನಲ್ಲಿ ಕಸುವಿಲ್ಲ, ಹೂ ಬರುವ ಹೊತ್ತಿಗೆ ಕೊಯ್ದರೆ ಮೇವಿಗೆ ಒಳ್ಳೆಯದು ಎಂದು ದನ ಸಾಕಿದವರು ಹೇಳುವುದು ಇದಕ್ಕೇ. ಮೇವಿನ ದೃಷ್ಟಿಯಿಂದ ನಷ್ಟವಾಗಿ ಕಾಣುವುದು ಮಣ್ಣಿನ ದೃಷ್ಟಿಯಿಂದ ಉಳಿತಾಯ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಸುಡುವುದು ಬಹುಪಾಲು ಖಾಲಿ ಎಲೆ.

ಎಲ್ಲಿಂದ ಬರುತ್ತದೆ ಈ ಸತ್ವ?

ಇಲ್ಲಿ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಗಿಡ ಗಾಳಿಯಿಂದ ಇಂಗಾಲ ತರಬಲ್ಲದು. ರಂಜಕ, ಪೊಟ್ಯಾಷ್, ಸುಣ್ಣವನ್ನು ಗಾಳಿಯಿಂದ ತರಲಾರದು. ಅವು ಕಲ್ಲು ಕರಗಿಯೇ ಬರಬೇಕು. ಆಳದ ಬೇರುಗಳು ಕೆಳಪದರದಲ್ಲಿ ಕರಗಿದ್ದನ್ನು ಮೇಲಕ್ಕೆ ತಂದು, ತೊಳೆದುಹೋಗದಂತೆ ತಮ್ಮ ದೇಹದಲ್ಲೂ ಮೇಲ್ಮಣ್ಣಿನ ಸಾವಯವ ಅಂಶದಲ್ಲೂ ಹಿಡಿದಿಡುತ್ತವೆ. ಅಂದರೆ ಹೊಸ ಖನಿಜವನ್ನು ಅವು ಸೃಷ್ಟಿಸುವುದಿಲ್ಲ, ಸೋರಿಕೆ ನಿಲ್ಲಿಸಿ ಬೇಕಾದಲ್ಲಿಗೆ ತರುತ್ತವೆ. ಸಾರಜನಕಕ್ಕೆ ಎರಡು ದಾರಿ. ಒಂದು, ಹುಲ್ಲಿನ ನಡುವೆ ಬೆಳೆಯುವ ದ್ವಿದಳ ಗಿಡಗಳು. ನಮ್ಮ ಬಯಲುಗಳಲ್ಲಿ ಕೊಗ್ಗಿ, ನೀಲಿಯ ಜಾತಿಯ ಗಿಡಗಳು, ಕಾಡು ಹುರುಳಿಯಂಥ ಬಳ್ಳಿಗಳು ಈ ಕೆಲಸ ಮಾಡುತ್ತವೆ. ಎರಡು, ಹುಲ್ಲಿನ ಬೇರಿಗೇ ಅಂಟಿ ಬದುಕುವ ಬ್ಯಾಕ್ಟೀರಿಯಾಗಳು. ಬ್ರೆಜಿಲ್‌ನ ಜೊಹಾನ ಡೊಬೆರೈನರ್ ಉಷ್ಣವಲಯದ ಹುಲ್ಲುಗಳ ಬೇರಿನ ಮೇಲೆ ಮಾಡಿದ ಕೆಲಸದಿಂದ 1970ರ ದಶಕದಲ್ಲಿ ಅಜೋಸ್ಪಿರಿಲಮ್ ಬೆಳಕಿಗೆ ಬಂತು. ಇವತ್ತು ಬೀಜೋಪಚಾರಕ್ಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಪೊಟ್ಟಣದಲ್ಲಿ ಕೊಡುವ ಅಜೋಸ್ಪಿರಿಲಮ್ ಮೂಲತಃ ಹುಲ್ಲಿನ ಒಡನಾಡಿ.

ಇವೆಲ್ಲ ಕೂಡಿ ನಿಜಕ್ಕೂ ಎಷ್ಟು ಫಲವತ್ತತೆ ಕಟ್ಟುತ್ತವೆ? ಇದನ್ನು ಅತ್ಯಂತ ಅಚ್ಚುಕಟ್ಟಾಗಿ ಅಳೆದದ್ದು ಅಮೆರಿಕದ ಮಿನ್ನೆಸೋಟದ ಸೀಡರ್ ಕ್ರೀಕ್‌ನಲ್ಲಿ. ಅಲ್ಲಿನ ಮಣ್ಣು ಮರಳು, ಪೋಷಕಾಂಶಕ್ಕೆ ಬಡವು. ಡೇವಿಡ್ ಟಿಲ್ಮನ್ ಮತ್ತು ಜೊತೆಗಾರರು ಮೇಲ್ಮಣ್ಣನ್ನೂ ಕೆರೆದು ತೆಗೆದು, 1994ರಲ್ಲಿ ಪ್ರಯೋಗ ಶುರುಮಾಡಿ, 168 ಪಾತಿಗಳಲ್ಲಿ ಬಹುವಾರ್ಷಿಕ ಹುಲ್ಲುಗಾವಲು ಗಿಡಗಳನ್ನು ಬೆಳೆಸಿದರು. ಕೆಲವು ಪಾತಿಗಳಲ್ಲಿ ಒಂದೇ ಜಾತಿ, ಕೆಲವದರಲ್ಲಿ 2, 4, 8, ಕೊನೆಗೆ 16 ಜಾತಿ. ಗೊಬ್ಬರ ಹಾಕಲಿಲ್ಲ. 23 ವರ್ಷ ಕಳೆದ ಮೇಲೆ ಅಳೆದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದೇ ಜಾತಿಯ ಪಾತಿಗಳಿಗೆ ಹೋಲಿಸಿದರೆ 16 ಜಾತಿಗಳ ಪಾತಿಗಳ ಮಣ್ಣಿನಲ್ಲಿ ಸಾರಜನಕ, ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಇಂಗಾಲ ಮತ್ತು ಪೋಷಕಾಂಶ ಹಿಡಿದಿಡುವ ಶಕ್ತಿಯ ಏರಿಕೆ 30%ರಿಂದ 90%ರಷ್ಟು ಹೆಚ್ಚಿತ್ತು. ಗಿಡಗಳ ದೇಹದಲ್ಲೇ ಕೂಡಿಕೊಂಡ ಪೋಷಕಾಂಶವಂತೂ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಬೇಸಿಗೆಯ ಬಿಸಿಯಲ್ಲಿ ಚೆನ್ನಾಗಿ ಬೆಳೆಯುವ ಆಳ ಬೇರಿನ ಹುಲ್ಲುಗಳೂ ದ್ವಿದಳ ಗಿಡಗಳೂ ಒಟ್ಟಿಗಿದ್ದ ಪಾತಿಗಳೇ ಮುಂದಿದ್ದವು ಎಂಬುದು ಅದೇ ಪ್ರಯೋಗದ ಹಿಂದಿನ ಅಳತೆಗಳಿಂದಲೂ ತಿಳಿದಿತ್ತು. ಹುಲ್ಲು ಸಾರಜನಕಕ್ಕೆ ಹಸಿದಿರುತ್ತದೆ, ದ್ವಿದಳ ಒದಗಿಸುತ್ತದೆ. ದ್ವಿದಳ ಒಂದೇ ಇದ್ದರೆ ಅದು ಕೂಡಿಸಿದ್ದನ್ನು ಹಿಡಿದಿಡುವ ಬೇರು ಸಾಲದು.

ರಾಗಿಯ ನಡುವೆ ಅವರೆ, ತೊಗರಿಯಂಥ ದ್ವಿದಳದ ಸಾಲು ಬಿತ್ತುವ ನಮ್ಮ ಅಕ್ಕಡಿಯ ಹಿಂದೆ ಇದ್ದ ತಿಳಿವಳಿಕೆಯೂ ಇದೇ ದಾರಿಯದು. ವ್ಯತ್ಯಾಸವಿಷ್ಟೇ, ಅಕ್ಕಡಿ ನಾಲ್ಕು ತಿಂಗಳಿಗೆ ಮುಗಿಯುತ್ತದೆ, ಹುಲ್ಲುಗಾವಲಿನಲ್ಲಿ ಅದು ನಿಲ್ಲುವುದೇ ಇಲ್ಲ.

ಚೀಲದ ಲೆಕ್ಕಕ್ಕೆ ಇಳಿಸಿದರೆ

ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ 0.5%ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75% ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತಾರೆ. ಈ ಪಾಯಿಂಟುಗಳ ಹಿಂದೆ ಎಷ್ಟು ಸರಕಿದೆ ಎಂದು ಲೆಕ್ಕ ಹಾಕಿ ನೋಡಬಹುದು. ಒಂದು ಹೆಕ್ಟೇರಿನಲ್ಲಿ ಮೇಲಿನ 30 ಸೆಂಟಿಮೀಟರ್ ಮಣ್ಣಿನ ತೂಕ ಹೆಚ್ಚುಕಡಿಮೆ 4,000 ಟನ್. ಇಂಗಾಲ 0.4%ರಿಂದ 0.5%ಕ್ಕೆ ಏರಿತೆಂದರೆ 4 ಟನ್ ಇಂಗಾಲ ಸೇರಿತು. ಮಣ್ಣಿನ ಸಾವಯವ ಅಂಶದಲ್ಲಿ ಸುಮಾರು 12 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ಹಾಗಾದರೆ ಜೊತೆಗೆ 330 ಕೆ.ಜಿ. ಸಾರಜನಕವೂ ಸೇರಿತು. ಅದು 45 ಕೆ.ಜಿ.ಯ 16 ಚೀಲ ಯೂರಿಯಾದಲ್ಲಿ ಇರುವಷ್ಟು. ಅಷ್ಟೂ ಒಂದೇ ವರ್ಷ ಬೆಳೆಗೆ ಸಿಗುವುದಿಲ್ಲ. ವರ್ಷಕ್ಕೆ ಒಟ್ಟು ದಾಸ್ತಾನಿನ 2% ಬಿಡುಗಡೆಯಾಯಿತೆಂದು ಹಿಡಿದರೆ, 0.5% ಇಂಗಾಲದ ಮಣ್ಣು ಸುಮಾರು 33 ಕೆ.ಜಿ. ಸಾರಜನಕ ಕೊಡುತ್ತದೆ, 1% ಇಂಗಾಲದ ಮಣ್ಣು 66 ಕೆ.ಜಿ. ಮಳೆಯಾಶ್ರಿತ ರಾಗಿಗೆ ಶಿಫಾರಸು ಹೆಕ್ಟೇರಿಗೆ 50 ಕೆ.ಜಿ.

ಇನ್ನು ಕಾಲದ ಲೆಕ್ಕ. ಹುಲ್ಲು ವರ್ಷಕ್ಕೆ ಹೆಕ್ಟೇರಿಗೆ ಅರ್ಧ ಟನ್ ಇಂಗಾಲವನ್ನು ಮಣ್ಣಿಗೆ ಉಳಿಸಿತು ಎಂದು ಉದಾರವಾಗಿ ಹಿಡಿದರೂ ಆ 0.1% ಏರಲು 8 ವರ್ಷ ಬೇಕು. ಎರಡು ಚುನಾವಣೆಗಳ ಅವಧಿಯಲ್ಲಿ ಚೀಟಿಯ ಮೇಲೆ ಒಂದು ಪಾಯಿಂಟ್. ಹುಲ್ಲುಗಾವಲಿನ ಕೆಲಸ ನಮ್ಮ ಯೋಜನೆಗಳ ಕಣ್ಣಿಗೆ ಬೀಳದಿರುವುದಕ್ಕೆ ಇದೂ ಒಂದು ಕಾರಣ. ಮೇಲಾಗಿ ಚೀಟಿಗೆ ಮಣ್ಣು ತೆಗೆಯುವುದು ಮೇಲಿನ 15 ಸೆಂಟಿಮೀಟರಿನಿಂದ. ಒಂದು ಮೀಟರ್ ಆಳದಲ್ಲಿ ಹುಲ್ಲು ಕೂಡಿಟ್ಟದ್ದು ಅದರಲ್ಲಿ ಎಂದೂ ಕಾಣಿಸುವುದಿಲ್ಲ.

ಕಟ್ಟುವುದು ಇಷ್ಟು ನಿಧಾನವಾದರೆ ಕಳೆಯುವುದು ಹೇಗೆ? ಪ್ರೇರಿಯ ಕಥೆ ನೋಡಿ. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ ಮೇಲೆ ಬೇರುಗಟ್ಟಿದ ಆ ಕಪ್ಪು ನೆಲ ಮಗುಚತೊಡಗಿತು. ಇಂದು ಅಯೋವಾ ರಾಜ್ಯದಲ್ಲಿ ಮೂಲ ಪ್ರೇರಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ಮೆಕ್ಕೆಜೋಳ ಬೆಳೆಯುವ ಆ ಇಡೀ ಪಟ್ಟಿಯಲ್ಲಿ ಮೂರನೇ ಒಂದು ಭಾಗ ಹೊಲಗಳು ಕಪ್ಪು ಮೇಲ್ಮಣ್ಣಿನ ಪದರವನ್ನೇ ಕಳೆದುಕೊಂಡಿವೆ ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಪಗ್ರಹ ಚಿತ್ರಗಳ ನೆರವಿನಿಂದ ಅಂದಾಜು ಮಾಡಿತು. ಹಿಮಯುಗ ಮುಗಿದಾಗಿನಿಂದ ಸಾವಿರಾರು ವರ್ಷ ಹುಲ್ಲು ಕಟ್ಟಿದ್ದು ನೂರೈವತ್ತು-ಇನ್ನೂರು ವರ್ಷಗಳಲ್ಲಿ ಹೋಯಿತು.

ಬಿಟ್ಟರೆ ಮರಳಿ ಬರುತ್ತದೆಯೇ? ಬರುತ್ತದೆ, ಆದರೆ ಕಾಯಬೇಕು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹಳೆಯ ಉಳುಮೆ ಹೊಲವನ್ನು ಹುಲ್ಲಿಗೆ ಬಿಟ್ಟಾಗ, ಮಣ್ಣಿನ ಸಾವಯವ ಅಂಶ ಹಳೆಯ ಹುಲ್ಲುಗಾವಲಿನ ಮಟ್ಟಕ್ಕೆ ಅರ್ಧ ದಾರಿ ಬರಲು ಸುಮಾರು 25 ವರ್ಷ ಬೇಕಾಯಿತು. ಸೀಡರ್ ಕ್ರೀಕ್‌ನಲ್ಲಿ ಉಳುಮೆ ನಿಲ್ಲಿಸಿ 91 ವರ್ಷವಾದ ಹೊಲಗಳಲ್ಲಿ ಕೂಡ, ಎಂದೂ ಉಳದ ನೆರೆಯ ನೆಲಕ್ಕೆ ಹೋಲಿಸಿದರೆ, ಸಸ್ಯವೈವಿಧ್ಯ ಮುಕ್ಕಾಲು ಪಾಲು, ಉತ್ಪಾದನೆ ಅರ್ಧದಷ್ಟೇ ಇತ್ತು. ಒಂದು ಕಡೆ ಕಾವಲನ್ನು ಕಳೆದುಕೊಂಡು ಇನ್ನೊಂದು ಕಡೆ ‘ಪರಿಹಾರವಾಗಿ’ ಹುಲ್ಲು ಬಿತ್ತುತ್ತೇವೆ ಎನ್ನುವ ಯಾವುದೇ ಭರವಸೆಯನ್ನು ಈ ಅಂಕಿಗಳ ಮುಂದೆ ಇಟ್ಟು ತೂಗಬೇಕು.

ಚಿತ್ರದುರ್ಗ ಅಯೋವಾ ಅಲ್ಲ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನ ಅಳತೆಗಳು ಚಳಿ ದೇಶಗಳವು. ಅವನ್ನು ನೇರ ತಂದು ಚಳ್ಳಕೆರೆಗೆ ಅಂಟಿಸಿದರೆ ತಪ್ಪಾಗುತ್ತದೆ. ಅಲ್ಲಿ ವರ್ಷದ ಕೆಲವು ತಿಂಗಳು ನೆಲ ಹೆಪ್ಪುಗಟ್ಟಿ ಕೊಳೆಯುವಿಕೆಯೇ ನಿಲ್ಲುತ್ತದೆ. ನಮ್ಮಲ್ಲಿ ತೇವ ಇದ್ದಷ್ಟು ದಿನವೂ ಸೂಕ್ಷ್ಮಜೀವಿಗಳಿಗೆ ಕೈತುಂಬ ಕೆಲಸ. ಅಲ್ಲಿನ ಮಣ್ಣು ಹಿಮನದಿಗಳು ಅರೆದು ಗಾಳಿ ಹರಡಿದ ಹೊಸ ಮಣ್ಣು. ನಮ್ಮ ಕೆಂಪು ಮಣ್ಣು ಕೋಟ್ಯಂತರ ವರ್ಷ ಮಳೆ-ಬಿಸಿಲಿಗೆ ಸವೆದ ಹಳೆಯ ಕಲ್ಲಿನಿಂದ ಬಂದದ್ದು. ಎಷ್ಟೇ ಶತಮಾನ ಹುಲ್ಲಿದ್ದರೂ ನಮ್ಮ ಕೆಂಪು ಬಯಲು ಮಾರುದ್ದ ಕಪ್ಪು ಮಣ್ಣಾಗುವುದಿಲ್ಲ.

ಆದರೆ ಇದರಿಂದ ಹುಲ್ಲಿನ ಮಹತ್ವ ಕಡಿಮೆಯಾಗುವುದಿಲ್ಲ. ನನ್ನ ಪ್ರಕಾರ ಹೆಚ್ಚೇ ಆಗುತ್ತದೆ. ಎರೆ ಮಣ್ಣಿನ ಜೇಡಿ ತಾನೇ ಪೋಷಕಾಂಶವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಕೆಂಪು ಮರಳು ಮಿಶ್ರಿತ ಮಣ್ಣಿನ ಜೇಡಿಗೆ ಆ ಶಕ್ತಿ ತೀರ ಕಡಿಮೆ. ಅಲ್ಲಿ ಪೊಟ್ಯಾಷ್, ಸುಣ್ಣ, ನೀರು ಇವನ್ನೆಲ್ಲ ಹಿಡಿದಿಡುವ ಹೊಣೆ ಬಹುಪಾಲು ಸಾವಯವ ಅಂಶದ ಮೇಲೇ ಬೀಳುತ್ತದೆ. ಇರುವುದೇ ಸ್ವಲ್ಪ, ಆ ಸ್ವಲ್ಪದ ಮೇಲೆ ಎಲ್ಲ ನಿಂತಿದೆ. ಅದನ್ನು ಕಳೆದುಕೊಂಡ ಕೆಂಪು ಮಣ್ಣು ಮಳೆ ಬಿದ್ದರೆ ಹೆಪ್ಪಳಿಕೆಗಟ್ಟುತ್ತದೆ, ಬಿಸಿಲು ಬಿದ್ದರೆ ಕಲ್ಲಾಗುತ್ತದೆ.

ಇನ್ನೊಂದು ಆಕ್ಷೇಪ ನ್ಯಾಯವಾದದ್ದು. ಇಂದಿನ ಗೋಮಾಳಗಳನ್ನು ನೋಡಿದರೆ ಫಲವತ್ತತೆ ಎಲ್ಲಿ ಕಾಣುತ್ತದೆ? ಮಳೆಗಾಲದಲ್ಲೂ ಗೇಣುದ್ದ ಹುಲ್ಲಿಲ್ಲ, ಉಳಿದ ಜಾಗವನ್ನೆಲ್ಲ ಬಳ್ಳಾರಿ ಜಾಲಿಯೂ ಲಂಟಾನವೂ ನುಂಗಿವೆ. ನಿಜ. ಎಲೆಯನ್ನು ಬಿಡುವಿಲ್ಲದೆ ಮೇಯ್ದರೆ ಹುಲ್ಲು ಬೇರನ್ನು ಸಾಕಲಾರದು. ಬೇರು ಮೊಟಕಾಗುತ್ತ ಬಂದು ಬಹುವಾರ್ಷಿಕ ಜಾತಿಗಳು ಸಾಯುತ್ತವೆ, ಒಂದೇ ಮಳೆಗಾಲದ ಸಣ್ಣ ಹುಲ್ಲುಗಳು ಆ ಜಾಗ ಹಿಡಿಯುತ್ತವೆ, ಮಣ್ಣು ಕಟ್ಟುವ ಕೆಲಸ ನಿಂತುಹೋಗುತ್ತದೆ. ದೋಷ ದನದ್ದಲ್ಲ, ಬಿಡುವು ಕೊಡದ ಮೇಯಿಸುವಿಕೆಯದು. ಹದವಾಗಿ ಮೇಯುವ ದನ ಹುಲ್ಲಿನಲ್ಲಿ ಸಿಕ್ಕಿಬಿದ್ದ ಪೋಷಕಾಂಶವನ್ನು ಸಗಣಿ-ಗಂಜಲವಾಗಿ ಬೇಗ ಮಣ್ಣಿಗೆ ಮರಳಿಸುತ್ತದೆ. ಸಗಣಿ ಹುಳುಗಳು, ಗೆದ್ದಲು ಅದನ್ನು ಕೆಳಗಿಳಿಸುತ್ತವೆ. ಕುರಿ ಮಂದೆ ತರುಬಿಸಲು ಇಂದಿಗೂ ರೈತರು ದುಡ್ಡೋ ಕಾಳೋ ಕೊಡುವುದು ಕಾವಲಿನ ಹುಲ್ಲು ಹೊಲಕ್ಕೆ ಗೊಬ್ಬರವಾಗಿ ಬರುವುದಕ್ಕೇ.

ಈ ಬಿಡುವಿನ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಶುರುವಾಗಿ, ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ವ್ಯವಸ್ಥೆಗೆ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿ ಲಕ್ಷಾಂತರ ಎಕರೆ ಕಾವಲುಗಳಿದ್ದವು. ಅವನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಬೇರು ಕಟ್ಟಿಕೊಳ್ಳುತ್ತಿತ್ತು. ಇಂದು ಹೊರದೇಶದ ತಜ್ಞರು ಸರದಿ ಮೇಯಿಸುವಿಕೆ ಎಂದು ಕಲಿಸುವುದು ಹೆಚ್ಚುಕಡಿಮೆ ಇದನ್ನೇ. ಆ ಕಾವಲುಗಳಲ್ಲಿ ಇಂದು ಚೂರುಪಾರು ಉಳಿದಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ 2009ರ ನಂತರ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಅದರ ಮೇಲೆ ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ನಡೆಯಿತು. ಉಳಿದ ಗೋಮಾಳಗಳ ಮೇಲೆ, ಚದುರಿದ ಚೂರುಗಳ ಮೇಲೆ, ಮೊದಲಿನಷ್ಟೇ ಬಾಯಿಗಳು. ಬಿಡುವು ಎಲ್ಲಿಂದ ಬರಬೇಕು?

ಗಿಡ ನೆಟ್ಟರೆ ಆಗದೇ?

ಹುಲ್ಲುಗಾವಲಿಗೆ ಒಳ್ಳೆಯ ಮನಸ್ಸಿನಿಂದಲೇ ಬರುವ ಅಪಾಯ ಮರ ನೆಡುವುದು. 2023ರಲ್ಲಿ ಕೇಂದ್ರ ಸರ್ಕಾರ ತಂದ ಹಸಿರು ಕ್ರೆಡಿಟ್ ಯೋಜನೆಯ ಅಡಿ 2024ರ ಫೆಬ್ರವರಿಯಲ್ಲಿ ಹೊರಬಂದ ವಿಧಾನದಲ್ಲಿ, ಕುರುಚಲು ನೆಲ ಮತ್ತು ಪಾಳು ಭೂಮಿಯನ್ನೂ ಸೇರಿಸಿ, ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂಬ ಅಳತೆ ಇತ್ತು. ಆಮೇಲೆ ಆ ವಿಧಾನ ಪರಿಷ್ಕರಣೆ ಕಂಡಿದೆ. ಆದರೂ ‘ಬರಿ ನೆಲ’ ಕಂಡಲ್ಲಿ ಮರ ಎಂಬ ಯೋಚನೆ ಹೋಗಿಲ್ಲ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಒಳಗೇ ನೀಲಗಿರಿ ನೆಡುತೋಪು ಎದ್ದು ನಿಂತದ್ದು ನಮ್ಮ ಕಣ್ಣೆದುರಿನ ಪಾಠ. ಬಯಲಿನಲ್ಲಿ ಬದುಕುವ ಪ್ರಾಣಿಗೆ ಅದು ಮನೆಯಲ್ಲ. ಮಣ್ಣಿನ ದೃಷ್ಟಿಯಿಂದಲೂ ಲೆಕ್ಕ ಕೂಡುವುದಿಲ್ಲ. ನೆಡುತೋಪಿನ ಇಂಗಾಲ, ಪೋಷಕಾಂಶ ಹೆಚ್ಚಾಗಿ ಕಾಂಡದಲ್ಲಿ ಕೂಡುತ್ತದೆ. ಕೆಲವು ವರ್ಷಕ್ಕೊಮ್ಮೆ ಕಡಿದಾಗ ಲಾರಿ ಹತ್ತಿ ಹೋಗುತ್ತದೆ. ಅದರ ನೆರಳಲ್ಲಿ ಹುಲ್ಲು ಸಾಯುತ್ತದೆ, ಹುಲ್ಲಿನೊಂದಿಗೆ ಆ ದಟ್ಟ ಬೇರಿನ ಹೆಣಿಗೆಯೂ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿತು, ಅದೂ ನೀರಿನ ಚಿಂತೆಯಿಂದ.

ಹುಲ್ಲುಗಾವಲು ಎಂದರೆ ಕಾಡು ಕಡಿದು ಹಾಳಾದ ನೆಲ ಎಂಬ ನಂಬಿಕೆ ಇದರ ಬೇರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿ ಬೆಟ್ಟಗಳ ಜೌಗು ಮಣ್ಣಿನ ಪದರಗಳಲ್ಲಿರುವ ಇಂಗಾಲದ ಗುರುತನ್ನು ಓದಿ 1993ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ನೇರ ಉತ್ತರ. ಕಳೆದ 20,000 ವರ್ಷಗಳಲ್ಲಿ ಹವಾಮಾನ ಬದಲಾದಂತೆ ಅಲ್ಲಿ ಹುಲ್ಲು ಮತ್ತು ಶೋಲಾ ಕಾಡು ಹಿಗ್ಗುತ್ತ ಕುಗ್ಗುತ್ತ ಬಂದಿವೆ. ಮನುಷ್ಯ ಕೊಡಲಿ ಎತ್ತುವ ಎಷ್ಟೋ ಮೊದಲೇ ಹುಲ್ಲು ಅಲ್ಲಿತ್ತು. ಬಯಲುಸೀಮೆಯ ಪ್ರತಿಯೊಂದು ಕಾವಲೂ ಅಷ್ಟು ಹಳೆಯದೆಂದು ನಾನು ಹೇಳುತ್ತಿಲ್ಲ. ಕೆಲವು ನಿಜಕ್ಕೂ ಹಾಳಾದ ಕುರುಚಲು ಕಾಡುಗಳೇ ಇರಬಹುದು. ಯಾವುದು ಯಾವುದೆಂದು ಮಣ್ಣು ತೋಡಿ ನೋಡದೆ ಒಂದೇ ಬಣ್ಣ ಬಳಿಯುವುದನ್ನು ನಿಲ್ಲಿಸಬೇಕು.

ಹೊಲದೊಳಗೂ ಈ ವಿದ್ಯೆಗೆ ಜಾಗವಿದೆ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಗಡಿಗೆ ಲಾವಂಚದ ಬೇಲಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣಾ ತಜ್ಞರು ಲಾವಂಚವನ್ನು ಜಗತ್ತಿಗೆಲ್ಲ ಪ್ರಚಾರ ಮಾಡುವಾಗ ಈ ಬೇಲಿಗಳೂ ಅವರಿಗೆ ಉದಾಹರಣೆಯಾಗಿ ಒದಗಿದವು. ಬದುವಿನ ಮೇಲೆ ನೇಪಿಯರ್, ಗಿನಿ ಹುಲ್ಲು ಬೆಳೆಸುವವರು ಮೇವಿನ ಜೊತೆಗೆ ಆ ಪಟ್ಟಿಯ ಮಣ್ಣನ್ನೂ ಕಟ್ಟುತ್ತಾರೆ, ಆದರೆ ಕೊಯ್ದು ಒಯ್ದಷ್ಟನ್ನು ಗೊಬ್ಬರವಾಗಿ ಮರಳಿಸಬೇಕು, ಇಲ್ಲದಿದ್ದರೆ ಅದು ಸೋರಿಕೆಯೇ. ಇನ್ನೂ ದೂರದ ಆಸೆ ಬಹುವಾರ್ಷಿಕ ಧಾನ್ಯಗಳದು. ಅಮೆರಿಕದ ಕನ್ಸಾಸ್‌ನಲ್ಲಿ 1976ರಲ್ಲಿ ಹುಟ್ಟಿದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಕಾಡುಹುಲ್ಲೊಂದನ್ನು ಪಳಗಿಸಿ ಕೆರ್ನ್ಜಾ ಎಂಬ ಧಾನ್ಯ ಮಾಡಿದೆ, ಇಳುವರಿ ಗೋಧಿಗಿಂತ ಇನ್ನೂ ಬಹಳ ಕಡಿಮೆ. ಚೀನಾದ ಯುನ್ನಾನ್ ವಿಶ್ವವಿದ್ಯಾಲಯ ಆಫ್ರಿಕದ ಕಾಡುಭತ್ತದ ಜೊತೆ ಸಂಕರಿಸಿ 2018ರಲ್ಲಿ ಬಿಡುಗಡೆ ಮಾಡಿದ ಭತ್ತವನ್ನು ಒಮ್ಮೆ ನಾಟಿ ಮಾಡಿದರೆ 4 ವರ್ಷಗಳಲ್ಲಿ 8 ಕೊಯ್ಲು ಸಿಗುತ್ತದೆ, ಇಳುವರಿಯಲ್ಲಿ ಮಾಮೂಲಿ ಭತ್ತಕ್ಕೆ ಸಮ. ಜಗತ್ತಿಗೆ ರಾಗಿ ತಳಿಗಳನ್ನು ಕೊಟ್ಟ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಈ ದಿಕ್ಕಿನಲ್ಲಿ ಜೋಳದ ಕುಲವನ್ನು ಗಂಭೀರವಾಗಿ ನೋಡಬೇಕೆಂಬುದು ನನ್ನ ಆಸೆ.

ಸದ್ಯಕ್ಕೆ ಕೈಗೆಟಕುವ ಕೆಲಸ ಬೇರೆ. ಕರ್ನಾಟಕದ ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಕಾಯ್ದಿರಿಸಬೇಕೆನ್ನುತ್ತವೆ. ಜಾನುವಾರು ಗಣತಿಯಲ್ಲಿ ಸಂಖ್ಯೆ ಇಳಿದರೆ ‘ಹೆಚ್ಚುವರಿ’ ಗೋಮಾಳ ಬೇರೆ ಉದ್ದೇಶಕ್ಕೆ ಹೋಗಲು ದಾರಿಯಾಗುತ್ತದೆ. ಅಂದರೆ ಆ ನೆಲದ ಬೆಲೆ ಅದರ ಮೇಲೆ ಎಷ್ಟು ಬಾಯಿ ಮೇಯುತ್ತವೆ ಎಂಬುದರಿಂದ ಮಾತ್ರ ತೀರ್ಮಾನವಾಗುತ್ತಿದೆ. ನಿಯಮಕ್ಕೆ ಒಂದು ಸಾಲು ಸೇರಿಸಬಹುದು: ಯಾವುದೇ ಗೋಮಾಳ ಅಥವಾ ಕಾವಲನ್ನು ಬೇರೆ ಕೆಲಸಕ್ಕೆ ಕೊಡುವ ಮುನ್ನ ಒಂದು ಮೀಟರ್ ಆಳದವರೆಗೆ ಪದರ ಪದರವಾಗಿ ಮಣ್ಣು ತೆಗೆದು ಇಂಗಾಲ, ಸಾರಜನಕ ಅಳೆಯಬೇಕು, ಪಕ್ಕದ ಉಳುಮೆ ಹೊಲದ ಅಳತೆಯನ್ನೂ ಜೊತೆಗಿಡಬೇಕು, ಎರಡನ್ನೂ ಗ್ರಾಮ ಪಂಚಾಯಿತಿಯ ಮುಂದೆ ಓದಿ ಹೇಳಬೇಕು. ಮಣ್ಣು ಪರೀಕ್ಷಾ ಪ್ರಯೋಗಾಲಯ ಎಲ್ಲ ಜಿಲ್ಲೆಯಲ್ಲೂ ಇದೆ. ಬೇಕಾಗಿರುವುದು ಉದ್ದದ ಬೈರಿಗೆ, ಒಂದು ದಿನದ ಕೂಲಿ, ಮತ್ತು ಅಳೆಯುವವರೆಗೆ ಕಡತಕ್ಕೆ ರುಜು ಹಾಕದಿರುವ ತಹಶೀಲ್ದಾರರು. ಹೆಸರಘಟ್ಟದಿಂದಲೇ ಇದು ಶುರುವಾಗಬಹುದು. ಅಲ್ಲಿ ಉಳದ ಹುಲ್ಲು, ಉತ್ತ ಹೊಲ, ನೀಲಗಿರಿ ತೋಪು ಮೂರೂ ನಡೆದು ಹೋಗುವಷ್ಟು ದೂರದಲ್ಲಿವೆ.